ಶ್ರೀಕಂಠನ ಏಳನೆಯ ಬ್ಯಾಚು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಬಿಯರಿನ ಬಗ್ಗೆ ಬರೆಯಲು ಹೊರಟಿರುವ ನಾನು ಬಿಯರು ಕುಡಿಯುವವನಲ್ಲ. ಒಂದೇ ಒಂದು ಸಲ, ಆಪಲ್ ಜ್ಯೂಸೆಂದು ತಿಳಿದು, ಅರ್ಧ ಗುಟುಕು ನುಂಗಿದ್ದೇನೆ. ಬರೆಯುವ ವಿದ್ಯೆಯೂ ಅಷ್ಟಕ್ಕಷ್ಟೆ. ಮೈಸೂರಿನ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು ನಾನು. ಹಗಲು ಕಾಲೇಜಿನವರಿಗೆ ಪಾಠ ಹೇಳಿ ದಣಿದ ಮೇಷ್ಟರು, ಅವರಿಗೆ ಹೇಳಿ ಮಿಕ್ಕದ್ದನ್ನು ನಮಗೆ ಹೇಳುತ್ತಿದ್ದರು. ಆದ್ದರಿಂದ ಇಲ್ಲಿ ತಪ್ಪುಗಳಿದ್ದರೆ ಅರ್ಧ ನನ್ನವು, ಅರ್ಧ ಆ ಮೇಷ್ಟರ ದಣಿವಿನವು.

ಆದರೂ ಈ ಸಂಗತಿಯನ್ನು ನಾನೇ ಬರೆಯಬೇಕಾಗಿದೆ. ಅಂದಿನ ಪಂಚನಾಮೆ ನನ್ನ ಕೈಬರಹದಲ್ಲೇ ಇದೆ. ಅದಕ್ಕೆ ಸಹಿ ಹಾಕಿದ ಇಬ್ಬರು ಪಂಚರಲ್ಲಿ ಒಬ್ಬ ನಾನು. ಅದರಲ್ಲಿ ಒಂದು ದೊಡ್ಡ ಲೋಪವೂ ಇದೆ. ಅದೂ ನನ್ನದೇ.

ಶ್ರೀಕಂಠ ನಮ್ಮ ಪಕ್ಕದ ಮನೆಯವನು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಪ್ಲೆಸೆಂಟನ್ನಿನ ನಮ್ಮ ಬೀದಿಯಲ್ಲಿ ಅವನಷ್ಟು ನಿಯಮದ ಮನುಷ್ಯ ಇನ್ನೊಬ್ಬನಿಲ್ಲ. ಕಸದ ಡಬ್ಬಿಗಳ ನಡುವೆ ಮೂರು ಅಡಿ ಜಾಗವಿರಬೇಕೆಂದು ನಗರಸಭೆಯವರು ಚೀಟಿ ಕಳಿಸಿದರೆ, ನಾವೆಲ್ಲ ಅದನ್ನು ಓದದೆ ಕಸಕ್ಕೆ ಹಾಕಿದೆವು. ಅವನು ಟೇಪು ತಂದು ಅಳೆದು, ನಮ್ಮ ಡಬ್ಬಿಗಳನ್ನೂ ಸರಿಸಿಟ್ಟುಹೋದ. ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗು. ಅಂದರೆ ಹದಿನೆಂಟು ವರ್ಷಗಳಿಂದ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಬರೆದು ಕಳಿಸುವುದು. ತಾನೇ ಏನನ್ನಾದರೂ ಮಾಡುವ ಅವಕಾಶ ಅವನಿಗೆ ಸಿಕ್ಕಿರಲಿಲ್ಲ.

ಅವನಿಗಿದ್ದ ಒಂದೇ ಚಪಲವೆಂದರೆ ಶುಕ್ರವಾರ ಸಂಜೆಯ ಒಂದು ಗ್ಲಾಸು ಬಿಯರು. ಅದೂ ಕಂಡಕಂಡ ಬಿಯರಲ್ಲ. ಫ್ರೀವೇ ಆಚೆ ಒಂದು ಸಣ್ಣ ಬ್ರೂವರಿಯಲ್ಲಿ 'ರಸ್ಟಿ ಲ್ಯಾಡರ್' ಎಂಬ ಕೆಂಬಣ್ಣದ ಬಿಯರು ಮಾಡುತ್ತಿದ್ದರು. ಹನ್ನೊಂದು ವರ್ಷ ಅವನು ಅದನ್ನೇ ಕುಡಿದ. ಬೇರೆಯದನ್ನು ರುಚಿ ನೋಡೆಂದರೆ, "ಸರಿಯಾಗಿರೋದನ್ನ ಯಾಕೆ ಬದಲಾಯಿಸ್ಬೇಕು" ಎನ್ನುತ್ತಿದ್ದ. ಹೀಗಿರುವಾಗ ಒಂದು ಶುಕ್ರವಾರ ಬ್ರೂವರಿಯ ಬಾಗಿಲಿಗೆ ಕಾಗದ ಅಂಟಿತ್ತು. ಅವರು ಅಂಗಡಿ ಮುಚ್ಚುತ್ತಿದ್ದರು. ಉಳಿದಿದ್ದ ಹನ್ನೆರಡು ಬಾಟಲಿಗಳನ್ನು ಶ್ರೀಕಂಠ ಮನೆಗೆ ತಂದ. ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಸೀಟ್ ಬೆಲ್ಟು ಹಾಕಿ ತಂದ.

ಮರುದಿನವೇ ನಮ್ಮ ಬೇಲಿಯ ಮೇಲಿಂದ ಕುತ್ತಿಗೆ ಚಾಚಿ ಘೋಷಿಸಿದ. "ಮಧ್ವೇಶ್, ನಾನು ಇದನ್ನ ಮನೇಲೇ ಮಾಡ್ತೀನಿ. ಡಿಟ್ಟೋ. ಒಂದು ಕೂದಲಿನಷ್ಟೂ ವ್ಯತ್ಯಾಸ ಇರಬಾರದು."

"ಮಾಡಬಹುದಾ? ಪೊಲೀಸ್ನೋರು ಬರಲ್ವಾ?" ಎಂದೆ. ನನ್ನ ಬುದ್ಧಿ ಮೊದಲು ಓಡುವುದು ಆ ಕಡೆಗೇ.

"ಇಬ್ಬರು ದೊಡ್ಡೋರಿರೋ ಮನೇಲಿ ವರ್ಷಕ್ಕೆ ಇನ್ನೂರು ಗ್ಯಾಲನ್ ಮಾಡಬಹುದು. ರೂಲ್ಸಿದೆ." ಅದನ್ನು ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ, ಗರಾಜಿನ ಗೋಡೆಗೆ ಆಗಲೇ ನೇತುಹಾಕಿದ್ದ.

ಅವನ ಹೆಂಡತಿ ಜಲಜಾ ಅವರು ಆ ಇನ್ನೂರು ಗ್ಯಾಲನ್ನಿನ ಕಾನೂನನ್ನು ಎರಡು ಸಲ ಓದಿ, "ಆ ಇಬ್ಬರು ದೊಡ್ಡೋರಲ್ಲಿ ನನ್ನ ಹೆಸರು ಸೇರಿಸ್ಬೇಡಿ" ಎಂದರು.

ಜಲಜಾ ಅವರು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಶನಿವಾರ ಬೆಳಿಗ್ಗೆ ಹದಿನಾಲ್ಕು ಮಕ್ಕಳು ಅವರ ಹಾಲಿನಲ್ಲಿ ಕೂರುತ್ತಿದ್ದರು. ಸೋಫಾ ಬದಿಗೊತ್ತಿ, ಊಟದ ಮೇಜು ಗೋಡೆಗೆ ತಳ್ಳಿದರೂ ಇಬ್ಬರ ತಲೆ ಅಡುಗೆಮನೆಯೊಳಗಿರುತ್ತಿತ್ತು. ಗರಾಜನ್ನು ತಮ್ಮ ಪಾಠಶಾಲೆ ಮಾಡಿಕೊಳ್ಳಬೇಕೆಂದು ಅವರು ಮೂರು ವರ್ಷದಿಂದ ಕಾಯುತ್ತಿದ್ದರು. ಚಾಪೆಗಳನ್ನೂ ತಂದಾಗಿತ್ತು. ಈಗ ಆ ಗರಾಜಿನಲ್ಲಿ ಹಂಡೆಯಂಥ ಪಾತ್ರೆ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಮೂಟೆ, ಹಾಪ್ಸ್ ಎಂಬ ಕಹಿ ಹೂವಿನ ಪೊಟ್ಟಣಗಳು, ರಬ್ಬರು ಕೊಳವೆಗಳು ಬಂದು ಕುಳಿತವು.

ಮೊದಲನೆಯ ಬ್ಯಾಚು ಅವಲಕ್ಕಿ ನೆನೆಸಿದ ನೀರಿನಂತಿತ್ತು ಎಂದು ಶ್ರೀಕಂಠನೇ ಪುಸ್ತಕದಲ್ಲಿ ಬರೆದ. ಅವನೊಂದು ನೋಟು ಪುಸ್ತಕವಿಟ್ಟಿದ್ದ. ಆಫೀಸಿನಲ್ಲಿ ಬೇರೆಯವರ ತಪ್ಪು ಬರೆದಂತೆಯೇ ಅದರಲ್ಲಿ ತನ್ನ ತಪ್ಪುಗಳನ್ನು ಬರೆಯುತ್ತಿದ್ದ. 'ತೀವ್ರತೆ: ಹೆಚ್ಚು. ಜವಾಬ್ದಾರಿ: ಶ್ರೀಕಂಠ.' ಪ್ರತಿ ಬ್ಯಾಚಿನ ಜೊತೆ ಹೋಲಿಸಲು ಒಂದು ಅಸಲಿ ಬಾಟಲಿ ತೆರೆಯಬೇಕಲ್ಲ. ಖಾತ್ರಿಗೆಂದು ಕೆಲವು ಸಲ ಎರಡು.

ಎರಡನೆಯ ಬ್ಯಾಚಿಗೆ ಚಳಿ ತಾಗಬಾರದೆಂದು ಪಾತ್ರೆಯನ್ನು ಓವನ್ನಿನಲ್ಲಿ, ದೀಪ ಉರಿಸಿ ಇಟ್ಟ. ನಮ್ಮ ಹೆಂಗಸರೆಲ್ಲ ದೋಸೆ ಹಿಟ್ಟು ಹುದುಗಲು ಇಡುವ ಜಾಗ ಅದು. ಜಲಜಾ ಅವರ ಹಿಟ್ಟೂ ಅಲ್ಲೇ ಇತ್ತು. ಎರಡೂ ಒಂದು ರಾತ್ರಿ ಒಟ್ಟಿಗೆ ಕಳೆದವು. ಆ ಬಿಯರು ಹುಣಸೆಹಣ್ಣಿಗಿಂತ ಹುಳಿಯಾಯಿತು. ದೋಸೆ ಮಾತ್ರ ಅಂಥದ್ದನ್ನು ನಾನು ಹುಟ್ಟಿದಾಗಿನಿಂದ ತಿಂದಿಲ್ಲ. ನನ್ನ ಹೆಂಡತಿ ಹಿಟ್ಟಿನ ಗುಟ್ಟು ಕೇಳಲು ಹೋಗಿ, ಕೇಳಿ, ಬರೆದುಕೊಳ್ಳದೆ ವಾಪಸು ಬಂದಳು.

ಮೂರನೆಯದರ ಬಗ್ಗೆ ಪುಸ್ತಕದಲ್ಲಿ ಏನೂ ಬರೆದಿಲ್ಲ. ಆ ಹಾಳೆ ಹರಿದಿದೆ.

ನಾಲ್ಕನೆಯದು ಸಿಡಿಯಿತು.

ಬಾಟಲಿಗೆ ತುಂಬುವ ಮುನ್ನ ನೊರೆ ಬರಲೆಂದು ಸ್ವಲ್ಪ ಸಕ್ಕರೆ ಹಾಕಬೇಕಂತೆ. ಶ್ರೀಕಂಠ ಹಾಕಿದ. ನಂತರ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದು ಮತ್ತೊಮ್ಮೆ ಹಾಕಿದ. ಅದಾದ ಎರಡನೆಯ ಶನಿವಾರ ಬೆಳಿಗ್ಗೆ, ಮಕ್ಕಳು ಸರಳೆ ವರಸೆ ಹೇಳುತ್ತಿದ್ದಾಗ, ಗರಾಜಿನಿಂದ ಢಬ್ ಎಂಬ ಸದ್ದು ಬಂತು. ಜಲಜಾ ಅವರು ತಾಳ ಬಿಡಲಿಲ್ಲ. ಎರಡನೆಯದು, ಮೂರನೆಯದು. ಆರನೆಯದಕ್ಕೆ ಎದುರು ಮನೆಯ ಅಮೆರಿಕನ್ ಅಜ್ಜಿ ಪೊಲೀಸರಿಗೆ ಫೋನು ಮಾಡಿದರು. ಗುಂಡಿನ ಸದ್ದು, ಒಳಗೆ ಮಕ್ಕಳು ಕೂಗಿಕೊಳ್ಳುತ್ತಿದ್ದಾರೆ ಎಂದರು. ಮಕ್ಕಳು ಆಗ ಮೇಲಿನ ಷಡ್ಜದಲ್ಲಿದ್ದರು.

ಎರಡು ಪೊಲೀಸು ಕಾರು ಬಂದವು. ಇಳಿದ ಪೊಲೀಸು ಹೆಂಗಸು ಗರಾಜಿನೆದುರು ನಿಂತು, ಒಳಗಿರುವವರು ಹೊರಗೆ ಬರಬೇಕೆಂದು ಕೂಗಿದಳು. ಬಾಗಿಲು ನಿಧಾನವಾಗಿ ಮೇಲೇಳತೊಡಗಿತು. ಮೊದಲು ಹವಾಯಿ ಚಪ್ಪಲಿ ಕಾಣಿಸಿತು, ಆಮೇಲೆ ಒದ್ದೆ ಪಂಚೆ, ಆಮೇಲೆ ಮೇಲೆತ್ತಿದ ಎರಡು ಕೈ. ಒಂದು ಕೈಯಲ್ಲಿ ಬಾಗಿಲಿನ ರಿಮೋಟು. ಗಾಬರಿಯಲ್ಲಿ ಅದನ್ನು ಅದುಮಿದ್ದರಿಂದ ಬಾಗಿಲು ಅಷ್ಟೇ ನಿಧಾನವಾಗಿ ಕೆಳಗಿಳಿಯಿತು. ಕೈ ಹೋಯಿತು, ಪಂಚೆ ಹೋಯಿತು, ಕೊನೆಗೆ ಚಪ್ಪಲಿಯೂ ಹೋಯಿತು. ಒಳಗಿನಿಂದ "ಸಾರಿ, ಸಾರಿ" ಎಂಬ ದನಿ ಮಾತ್ರ ಕೇಳುತ್ತಿತ್ತು.

ಎರಡನೆಯ ಸಲ ಬಾಗಿಲು ತೆರೆದಾಗ ಆ ಹೆಂಗಸು ಗಾಳಿಯನ್ನು ಮೂಸಿ, ಬಂದೂಕಿನ ಮೇಲಿಂದ ಕೈ ತೆಗೆದಳು. ಒಳಗೆ ಹೋಗಿ ಗಾಜಿನ ಚೂರು ನೋಡಿದಳು, ಗೋಡೆಯ ಮೇಲಿನ ಕಾನೂನು ಓದಿದಳು.

"ಯಾವ ಬಿಯರು ಮಾಡಲು ಹೊರಟಿದ್ದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ರಸ್ಟಿ ಲ್ಯಾಡರ್, ಮ್ಯಾಡಮ್."

"ಅಯ್ಯೋ, ಅದು ನಿಂತುಹೋಯಿತಲ್ಲ" ಎಂದು ಆಕೆ ಟೋಪಿ ತೆಗೆದಳು. "ಹಾಪ್ಸ್ ಯಾವುದು ಹಾಕಿದಿರಿ?"

ಹತ್ತು ನಿಮಿಷ ಇಬ್ಬರೂ ಹಾಪ್ಸಿನ ವಿಷಯ ಮಾತಾಡಿದರು. ತನ್ನ ಗಂಡನೂ ಮನೆಯಲ್ಲಿ ಮಾಡುತ್ತಾನೆಂದು ಹೇಳಿ, ಸಕ್ಕರೆಯನ್ನು ಚಮಚದಲ್ಲಿ ಅಳೆಯಬಾರದು, ತೂಗಬೇಕು ಎಂದು ಬರೆದುಕೊಟ್ಟು ಹೋದಳು.

ಇದೆಲ್ಲವನ್ನೂ ಆಚೆ ಮನೆಯ ವರಾಂಡದಲ್ಲಿ ನಿಂತು, ಕೈ ಬೆನ್ನ ಹಿಂದೆ ಕಟ್ಟಿ, ಒಬ್ಬ ಹಿರಿಯರು ನೋಡುತ್ತಿದ್ದರು. ಆ ಮನೆಯ ಶರಣ್ಯಾಳ ತಂದೆ ಸಿದ್ಧಾರೂಢ ಅವರು. ವಿಜಯಪುರದಿಂದ ಆರು ತಿಂಗಳಿಗೆ ಬಂದವರು. ಅಬಕಾರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಪೊಲೀಸು ಕಾರು ತಿರುವು ದಾಟುವವರೆಗೂ ನೋಡಿ, ನನ್ನ ಕಡೆ ತಿರುಗಿದರು.

"ಏನ್ರೀ ಮಧ್ವೇಶ, ಕಳ್ಳಭಟ್ಟಿ ಹಿಡಿಯಾಕ ಬಂದಾಕಿ ಆರೋಪಿಗೆ ರೆಸಿಪಿ ಬರದು ಕೊಟ್ಟು ಹೋದ್ಲಲ್ರೀ. ನಾ ಮೂವತ್ತೆರಡು ವರ್ಷ ಸುಮ್ನ ಕೊಡ ಒಡದೆ ಅನ್ರಿ."

ಮಧ್ಯಾಹ್ನವೇ ಅವರು ಶ್ರೀಕಂಠನ ಗರಾಜಿಗೆ ಬಂದರು. ಪಾತ್ರೆಗಳನ್ನು ಬೆರಳಿನಿಂದ ತಟ್ಟಿ ನೋಡಿದರು. ಕಾನೂನನ್ನು ಓದಿ, ಕನ್ನಡಕ ಒರೆಸಿ, ಮತ್ತೊಮ್ಮೆ ಓದಿದರು. ಆಮೇಲೆ ನೋಟು ಪುಸ್ತಕ ತೆಗೆದುಕೊಂಡು ಒಂದು ಗಂಟೆ ಕುಳಿತು ಓದಿದರು. ಕೊನೆಗೆ, "ತಮ್ಮ ತಪ್ಪು ತಾವೇ ಇಷ್ಟು ಚಂದಾಗಿ ಬರದಿಟ್ಟ ಭಟ್ಟಿಯಾಂವನ್ನ ನಾ ಕಂಡಿದ್ದಿಲ್ಲ" ಎಂದರು. ಅಂದಿನಿಂದ ಅವರು ದಿನಾ ಬರತೊಡಗಿದರು.

ಜಲಜಾ ಅವರ ಲೆಕ್ಕವೇ ಬೇರೆಯಿತ್ತು. ಪೊಲೀಸು ಬಂದ ಮನೆಯೆಂದು ಮೂವರು ಮಕ್ಕಳ ತಾಯಂದಿರು ಪಾಠ ಬಿಡಿಸಿದರು. ಆ ಸಂಜೆ ಜಲಜಾ ಅವರು ದನಿಯೆತ್ತದೆ ಹೇಳಿದ್ದು ಬೇಲಿಯಾಚೆ ನಮಗೂ ಕೇಳಿಸಿತು.

"ನೋಡಿ, ನಿಮ್ಮ ಖುಷಿಗೆ ಅಡ್ಡ ಬರಲ್ಲ. ಆದ್ರೆ ನಂದೂ ಒಂದು ಕೆಲಸ. ಗರಾಜು ನಂಗೆ ಬೇಕು. ನಿಮ್ಮದು ಎಂದಿಗೆ ಮುಗಿಯತ್ತೆ ಹೇಳಿ."

"ಡಿಟ್ಟೋ ಬಂದ ದಿನ ಮುಗಿಯತ್ತೆ" ಎಂದ ಶ್ರೀಕಂಠ.

"ಡಿಟ್ಟೋ ಅಂತ ಹೇಳೋರು ಯಾರು?"

ಆ ಪ್ರಶ್ನೆಯನ್ನು ಅವನು ಪುಸ್ತಕದಲ್ಲಿ ಬರೆದುಕೊಂಡ. ಅಸಲಿ ಬಾಟಲಿಗಳು ಮಾತ್ರ ಕಡಿಮೆಯಾಗುತ್ತಿದ್ದವು. ಐದನೆಯ ಬ್ಯಾಚು ಮಸುಕು. ಆರನೆಯದು ಹತ್ತಿರ ಬಂತು, ಬಣ್ಣ ತಪ್ಪಿತು. ಏಳನೆಯದರ ದಿನ ಅವನು ನನ್ನನ್ನು ಕರೆದ. ಹನ್ನೊಂದನೆಯ ಅಸಲಿ ಬಾಟಲಿ ತೆರೆದು ಒಂದು ಗುಟುಕು ಅದು, ಒಂದು ಗುಟುಕು ಇದು ಕುಡಿದ. ಮತ್ತೆ ಅದು, ಮತ್ತೆ ಇದು. ಬೋರಲು ಹಾಕಿದ ಬಕೆಟಿನ ಮೇಲೆ ಕುಳಿತ. ಪೆನ್ನು ಕೈಯಲ್ಲಿತ್ತು. ಬರೆಯಲು ತಪ್ಪು ಸಿಗಲಿಲ್ಲ.

"ಮಧ್ವೇಶ್" ಎಂದ, "ಇದು ಅದೇ."

ಆ ಮುಖವನ್ನು ನಾನು ನೋಡಿದ್ದೇನೆ. ಹದಿನೆಂಟು ವರ್ಷದಲ್ಲಿ ಅವನು ಮೊದಲ ಸಲ ಒಂದು ವಸ್ತುವನ್ನು ಮಾಡಿದ್ದ, ಅದು ಸರಿಯಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮುಂದಿನ ಭಾನುವಾರ ಜಲಜಾ ಅವರ ತಮ್ಮ ನವೀನ ಊಟಕ್ಕೆ ಬಂದ. ಲಾಸ್ ಗ್ಯಾಟೋಸಿನಲ್ಲಿ ಕೆಲಸ. ಯಾವ ವಿಷಯ ತೆಗೆದರೂ ಅದರ ಬಗ್ಗೆ ಒಂದು ಕೋರ್ಸು ಮಾಡಿರುವವನು. ಅವನೂ ರಸ್ಟಿ ಲ್ಯಾಡರ್ ಕುಡಿದು ಬೆಳೆದವನೇ. ಅನ್ನಕ್ಕೆ ಸಾರು ಕಲಸುತ್ತಾ ಶ್ರೀಕಂಠ ಸುದ್ದಿ ಹೇಳಿದಾಗ ನವೀನ ನಕ್ಕ.

"ಭಾವ, ಬೇಜಾರ್ ಮಾಡ್ಕೋಬೇಡಿ. ಅದು ಪ್ರೊಫೆಶನಲ್ಸ್ ಮಾಡಿದ್ದು. ನೀವು ಮಾಡಿದ್ದು ಗರಾಜಲ್ಲಿ. ಕಣ್ಣು ಕಟ್ಟಿ ಕೊಟ್ರೂ ಹೇಳ್ತೀನಿ ಯಾವುದು ಅಸಲಿ ಅಂತ."

"ಹೇಳೋಕಾಗಲ್ಲ" ಎಂದ ಶ್ರೀಕಂಠ. ಅಷ್ಟು ಖಚಿತವಾಗಿ ಅವನು ಮಾತಾಡಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ.

"ಹೇಳಿಬಿಟ್ರೆ?" ಎಂದು ಕೇಳಿದವರು ಜಲಜಾ.

ಶ್ರೀಕಂಠ ಕೈ ತೊಳೆದು ಬಂದು ಕಾಗದದ ಮೇಲೆ ಬರೆದ. ಮೂರು ಲೋಟ, ಒಂದರಲ್ಲಿ ಬ್ರೂವರಿಯದು, ಎರಡರಲ್ಲಿ ಮನೆಯದು. ಬ್ರೂವರಿಯದು ಯಾವುದೆಂದು ನವೀನ ತೋರಿಸಬೇಕು. ತೋರಿಸಿದರೆ ಗರಾಜು ಜಲಜಾಳದು. ತಪ್ಪಿದರೆ ಗರಾಜು ತನ್ನದು. ಕೆಳಗೆ ಯಾರೂ ಕೇಳದಿದ್ದರೂ ಇನ್ನೊಂದು ಸಾಲು ಸೇರಿಸಿದ: 'ಯಾವ ಕಾರಣದಿಂದಾದರೂ ಪರೀಕ್ಷೆ ಸಾಬೀತಾಗದೆ ಹೋದರೆ ಗರಾಜು ಜಲಜಾಳದು. ಸಾಬೀತು ಮಾಡುವ ಹೊಣೆ ನನ್ನದು.' ಟೆಸ್ಟರುಗಳು ಹೀಗೆಯೇ ಬರೆಯುತ್ತಾರಂತೆ. ಅಸಲಿ ಬಾಟಲಿ ಉಳಿದಿದ್ದುದು ಒಂದೇ. ಆದ್ದರಿಂದ ಪರೀಕ್ಷೆಯೂ ಒಂದೇ ಸಲ.

ವಿಷಯ ಸಿದ್ಧಾರೂಢ ಅವರ ಕಿವಿಗೆ ಬಿದ್ದಿತು. ನಿವೃತ್ತರಾದ ಏಳು ವರ್ಷಗಳಲ್ಲಿ ಅವರು ಇಷ್ಟು ಸಂತೋಷವಾಗಿದ್ದುದನ್ನು ತಾನು ಕಂಡಿರಲಿಲ್ಲವೆಂದು ಶರಣ್ಯಾ ಹೇಳಿದಳು. ಇಸ್ತ್ರಿ ಮಾಡಿದ ಷರಟು ಹಾಕಿ ಬಂದು, ಪಂಚನಾಮೆಯಿಲ್ಲದೆ ಪರೀಕ್ಷೆ ನಡೆಯಕೂಡದೆಂದರು.

"ಇಬ್ರು ಪಂಚರು ಬೇಕ್ರಿ. ಕುಡಿಯದಾವ್ರು ಆಗ್ಬೇಕು. ಕುಡಿಯಾಂವ ಪಂಚ ಆದ್ರ ಮುದ್ದೆಮಾಲು ಉಳಿಯಂಗಿಲ್ಲ, ನನಗ ಅನುಭವ ಐತಿ."

ಬೀದಿಯಲ್ಲಿ ಕುಡಿಯದ ಗಂಡಸರು ಇಬ್ಬರೇ ಸಿಕ್ಕಿದ್ದು. ಒಬ್ಬ ನಾನು. ಇನ್ನೊಬ್ಬರು ಹುಬ್ಬಳ್ಳಿಯ ಮೆಹಬೂಬ್ ಸಾಬ್. ಮಗಳ ಮನೆಯಲ್ಲಿರುವ, ಎಪ್ಪತ್ತು ದಾಟಿದ ಹಿರಿಯರು. ಅವರ ಮೊಮ್ಮಗಳು ಲೈಬಾ ಜಲಜಾ ಅವರ ಶಿಷ್ಯೆ.

"ನಾ ಲೋಟ ಮುಟ್ಟಂಗಿಲ್ರಿ, ಮೊದ್ಲ ಹೇಳ್ತೀನಿ" ಎಂದರು ಮೆಹಬೂಬ್ ಸಾಬ್. "ಲಕೋಟೆ ಕೊಡ್ರಿ, ಹಿಡ್ಕೊಂಡು ಕುಂದರ್ತೀನಿ."

"ನಿಮ್ಮ ಮೊಮ್ಮಗಳು ಇಲ್ಲೇ ಹಾಡು ಕಲೀತಾಳ್ರಿ. ಗರಾಜು ಸಾಲಿ ಆದ್ರ ನಿಮಗ ಲಾಭ. ಪಂಚರಿಗೆ ಹಿತಾಸಕ್ತಿ ಇರಬಾರದು" ಎಂದು ಸಿದ್ಧಾರೂಢ ಅವರು ಆಕ್ಷೇಪವೆತ್ತಿದರು.

"ನನಗೇನ್ ಲಾಭ್ರಿ ಸಾಹೇಬ್ರ? ಆಕಿ ಎಲ್ಲಿ ಹಾಡಿದ್ರೂ ನಾ ಕಾರಿನಾಗ ಕುಂದ್ರಾವ."

ಲೈಬಾ ಫೋನಿನಿಂದ ತಲೆಯೆತ್ತಿ ಅಜ್ಜನಿಗೆ, "ನಾನಾ, ಇಟ್ಸ್ ಜಸ್ಟ್ ಬಿಯರ್" ಎಂದಳು. ಆ ಮಾತನ್ನು ದಾಖಲಿಸಬೇಡವೆಂದು ಸಿದ್ಧಾರೂಢ ಅವರು ನನಗೆ ಸೂಚಿಸಿದರು.

ಪರೀಕ್ಷೆಯ ದಿನ ಮಧ್ಯಾಹ್ನ ಮೂರು ಗಂಟೆ. ಗಾಜಿನ ಲೋಟವಾದರೆ ಬಣ್ಣ ಕಾಣುತ್ತದೆ, ಸ್ಟೀಲೇ ಆಗಬೇಕೆಂದಾಯಿತು. ಜಲಜಾ ಅವರ ಸ್ಟೀಲು ಲೋಟಗಳೆಲ್ಲ ಮದುವೆಯ ಉಡುಗೊರೆಗಳು. ಕೊಟ್ಟವರ ಹೆಸರನ್ನು ಪಾತ್ರೆಯಂಗಡಿಯವನು ಚುಕ್ಕೆ ಚುಕ್ಕೆಯಾಗಿ ಅವುಗಳ ಮೇಲೆ ಕೊರೆದಿದ್ದ. ಅವರ ಅತ್ತೆ ಹುಚ್ಚಮ್ಮ ಆರು ಲೋಟ ಕೊಟ್ಟಿದ್ದರು. ಬೋರಮ್ಮ ಎಂಬ ದೊಡ್ಡಮ್ಮ ಮೂರು, ಪಕ್ಕದ ಮನೆಯ ನೀಲಾಬಾಯಿ ಎರಡು. ಚೀಟಿ ಅಂಟಿಸಿದರೆ ಬಿದ್ದುಹೋದೀತು, ಹೆಸರು ಬೀಳುವುದಿಲ್ಲ ಎಂದು ಶ್ರೀಕಂಠನೇ ಈ ಉಪಾಯ ಹೂಡಿದ. ಪ್ರತಿಯೊಂದು ಹೆಸರಿನ ಒಂದೊಂದು ಲೋಟ ತೆಗೆದುಕೊಂಡು, ಸಿದ್ಧಾರೂಢ ಅವರೆದುರು ಅಡುಗೆಮನೆಯಲ್ಲಿ ಸುರಿದು, ಯಾವ ಹೆಸರಿನದರಲ್ಲಿ ಏನೆಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿದ. ಲಕೋಟೆ ಮೆಹಬೂಬ್ ಸಾಬರ ಎದೆಯ ಜೇಬಿಗೆ ಹೋಯಿತು.

ಆಮೇಲೆ ಶ್ರೀಕಂಠ ಹೇಳಿದ ಮಾತನ್ನು ನಾನು ಹಾಗೆಯೇ ದಾಖಲಿಸಿದ್ದೇನೆ. "ಗುಟ್ಟು ಗೊತ್ತಿರೋರು ಲೋಟ ತರಬಾರದು. ಮುಖದಲ್ಲೇ ಗೊತ್ತಾಗಿಬಿಡತ್ತೆ. ಜಲಜಾಗೆ ಏನೂ ಗೊತ್ತಿಲ್ಲ, ಅವಳೇ ತರಲಿ." ಎಲ್ಲರೂ ಅವನ ಪ್ರಾಮಾಣಿಕತೆಯನ್ನು ಮೆಚ್ಚಿ ಹಾಲಿಗೆ ಬಂದು ಕುಳಿತರು.

ಜಲಜಾ ಅವರು ಬರುವುದು ಸ್ವಲ್ಪ ತಡವಾಯಿತು. ತಟ್ಟೆಯಲ್ಲಿ ಮೂರು ಲೋಟ, ಪಕ್ಕದಲ್ಲಿ ಕೋಡುಬಳೆಯ ಡಬ್ಬ. ಮೂರು ಲೋಟವೂ ಕಂಠದವರೆಗೆ, ಒಂದು ಹನಿ ಹೆಚ್ಚಿಲ್ಲದೆ ಒಂದು ಹನಿ ಕಡಿಮೆಯಿಲ್ಲದೆ ತುಂಬಿದ್ದವು.

ನವೀನ ಮೊದಲನೆಯದನ್ನು ಮೂಸಿ, ಗುಟುಕರಿಸಿ, ಕಣ್ಣು ಮುಚ್ಚಿದ. ಎರಡನೆಯದನ್ನು ಬಾಯಲ್ಲಿ ಆಡಿಸಿ ಸೂರು ನೋಡಿದ. ಮೂರನೆಯದಕ್ಕೆ ಬಂದಾಗ ಅವನ ಹುಬ್ಬು ಮೇಲೇರಿತು.

"ಇದೇ" ಎಂದ. "ಹಂಡ್ರೆಡ್ ಪರ್ಸೆಂಟ್ ಇದೇ ಅಸಲಿ. ಆ ಎರಡರಲ್ಲಿ ಗರಾಜಿನ ವಾಸನೆ ಇದೆ, ಭಾವ. ಇದರ ಫಿನಿಶ್ ನೋಡಿ, ನುಂಗಿದ ಮೇಲೆ ಉಳಿಯೋ ರುಚಿ. ಇದು ಮನೇಲಿ ಬರಲ್ಲ."

"ಹೆಸರು ಓದ್ರಿ" ಎಂದರು ಸಿದ್ಧಾರೂಢ.

"ನೀಲಾಬಾಯಿ" ಎಂದು ಓದಿ ನಾನು ಬರೆದುಕೊಂಡೆ. ಉಳಿದೆರಡರ ಹೆಸರು ಓದಲಿಲ್ಲ, ಬರೆಯಲೂ ಇಲ್ಲ. ನಾನು ಆಗಲೇ ಹೇಳಿದ ಲೋಪ ಇದು.

ಮೆಹಬೂಬ್ ಸಾಬ್ ಲಕೋಟೆ ಹರಿದು, ಚೀಟಿಯನ್ನು ಕಣ್ಣಿನಿಂದ ದೂರ ಹಿಡಿದರು. "ಹುಚ್ಚಮ್ಮ, ಬ್ರೂವರಿದು. ಬೋರಮ್ಮ, ಮನೀದು. ನೀಲಾಬಾಯಿ..." ಎಂದು ತಡೆದು, ನವೀನನನ್ನು ಒಮ್ಮೆ ಮರುಕದಿಂದ ನೋಡಿ, "ಮನೀದು" ಎಂದರು.

ನವೀನ ಚೀಟಿ ಇಸಿದುಕೊಂಡು ಓದಿದ. ಹಿಂದೆ ತಿರುಗಿಸಿಯೂ ನೋಡಿದ. ಶ್ರೀಕಂಠ ಕೂದಲೆಳೆಯಲ್ಲಿ ಗೆದ್ದದ್ದಲ್ಲ. ಅವನು ಗರಾಜಿನಲ್ಲಿ ಮಾಡಿದ್ದನ್ನೇ, ರಸ್ಟಿ ಲ್ಯಾಡರ್ ಕುಡಿದು ಬೆಳೆದ ನಾಲಿಗೆ, ಅಸಲಿಯೆಂದು ಹೇಳಿತ್ತು. ಸಿದ್ಧಾರೂಢ ಅವರು ಎದ್ದು ಬಂದು ಅವನ ಕೈ ಕುಲುಕಿದರು. ಮೂವತ್ತೆರಡು ವರ್ಷದಲ್ಲಿ ಭಟ್ಟಿಯವನ ಕೈಯನ್ನು ಅವರು ಕುಲುಕಲೆಂದು ಹಿಡಿದದ್ದು ಅದೇ ಮೊದಲು. ಜಲಜಾ ಅವರು ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಗಳನ್ನು ಒಮ್ಮೆ ನೋಡಿ ಒಳಗೆ ಹೋದರು.

ಶ್ರೀಕಂಠ ತಟ್ಟೆಯನ್ನು ತಾನೇ ಎತ್ತಿಕೊಂಡು ಹಿಂದೆಯೇ ಹೋದ. ಸಂತೋಷದಲ್ಲೂ ಪಾತ್ರೆ ತೆಗೆದಿಡುವ ಮನುಷ್ಯ ಅವನು. ಕೋಡುಬಳೆಯ ಡಬ್ಬ ಹಿಡಿದು ನಾನೂ ಹೋದೆ. ಲೋಟಗಳನ್ನು ಸಿಂಕಿಗಿಡುವಾಗ ಅವನು ನಿಂತುಬಿಟ್ಟ. ತಟ್ಟೆಯಲ್ಲಿ ಎರಡು ಹುಚ್ಚಮ್ಮ, ಒಂದು ನೀಲಾಬಾಯಿ. ಬೋರಮ್ಮ ಸಿಂಕಿನಲ್ಲಿತ್ತು. ಅದರ ತಳದಲ್ಲಿ ನೊರೆಯಿತ್ತು.

"ಜಲಜಾ, ಬೋರಮ್ಮನ ಲೋಟ ಇಲ್ಲಿ ಯಾಕಿದೆ?"

"ಅದು ನೆಗ್ಗಿದೆ ಕಣ್ರೀ, ನೋಡಿ ಇಲ್ಲಿ. ಮನೆಗೆ ಬಂದ ತಮ್ಮನಿಗೆ ನೆಗ್ಗಿದ ಲೋಟದಲ್ಲಿ ಕೊಡ್ತಾರಾ? ಬೇರೆ ಲೋಟಕ್ಕೆ ಹಾಕ್ದೆ."

"ಅಷ್ಟೇ ತಾನೇ?"

"ಅಷ್ಟೇ. ನೊರೆ ಇಳಿದು ಒಂದರಲ್ಲಿ ಕಮ್ಮಿ ಆಗಿತ್ತು, ಒಂದರಲ್ಲಿ ಜಾಸ್ತಿ. ಸಮ ಮಾಡ್ದೆ."

"ಸಮ ಅಂದ್ರೆ?"

"ಸಮ ಅಂದ್ರೆ ಸಮ. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ."

"ಯಾವುದರಿಂದ ಯಾವುದಕ್ಕೆ?" ಶ್ರೀಕಂಠನ ದನಿ ಪಿಸುಮಾತಾಗಿತ್ತು.

"ಕಾಫಿ ಸಮ ಮಾಡುವಾಗ ಯಾರಾದ್ರೂ ನೆನಪಿಟ್ಕೋತಾರಾ?" ಎಂದವರು ಅವನ ಮುಖ ನೋಡಿ ನಿಲ್ಲಿಸಿದರು. ಮೂವರೂ ಆ ಲೋಟಗಳನ್ನು ನೋಡಿದೆವು. ಅವುಗಳಲ್ಲಿ ಯಾವುದರಲ್ಲಿ ಏನು ಎಷ್ಟಿತ್ತೆಂದು ಪ್ರಪಂಚದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಲಿನಲ್ಲಿ ನವೀನ, ಸ್ಟೀಲಿನಲ್ಲಿ ಕುಡಿದರೆ ನಾಲಿಗೆ ಮೋಸ ಹೋಗುತ್ತದೆಂದು ಯಾವುದೋ ಕೋರ್ಸಿನಲ್ಲಿ ಕಲಿತದ್ದನ್ನು ವಿವರಿಸುತ್ತಿದ್ದ.

ಜಲಜಾ ಅವರೇ ಮೊದಲು ಮಾತಾಡಿದ್ದು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು. "ಬಿಡಿ. ಯಾರಿಗೂ ಗೊತ್ತಾಗಲ್ಲ. ಗೆದ್ದಿದ್ದೀರಿ. ತಪ್ಪು ಮಾಡಿದ್ದು ನಾನು. ಅದಕ್ಕೆ ನಿಮ್ಮ ಗರಾಜು ಯಾಕೆ ಹೋಗ್ಬೇಕು? ಮಧ್ವೇಶ್ ಅವರೇ, ನೀವೂ ಏನೂ ನೋಡಿಲ್ಲ."

ನಾನು ತಲೆಯಾಡಿಸಿಬಿಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಪಂಚನಾಗಿ ನಾನು ತಲೆಯಾಡಿಸಬಾರದಿತ್ತು.

ಶ್ರೀಕಂಠ ನೆಗ್ಗಿದ ಲೋಟವನ್ನು ತೊಳೆದ. ಒರೆಸಿದ. ಜಾಗದಲ್ಲಿಟ್ಟ. "ಟೆಸ್ಟು ಕೆಟ್ಟಿದೆ ಕಣೇ" ಎಂದು ಹೇಳಿ ಹಾಲಿಗೆ ನಡೆದ.

ಅಲ್ಲಿ ಅವನು ಹೆಂಡತಿಯ ಹೆಸರನ್ನು ಎತ್ತಲಿಲ್ಲ. "ಲೋಟ ತರೋರಿಗೆ ಏನು ಮಾಡಬಾರದು ಅಂತ ನಾನು ಹೇಳಿರಲಿಲ್ಲ. ಮೂರೂ ಬೆರೆತುಹೋಗಿವೆ. ತಪ್ಪು ನನ್ನದು. ಸಾಬೀತಾಗಿಲ್ಲ" ಎಂದ. ಆಮೇಲೆ ಜೇಬಿನಿಂದ ಗರಾಜಿನ ರಿಮೋಟು ತೆಗೆದು, ಒಳಗಿನಿಂದ ಬಂದು ನಿಂತಿದ್ದ ಜಲಜಾ ಅವರ ಮುಂದೆ ಮೇಜಿನ ಮೇಲಿಟ್ಟ.

ಸಿದ್ಧಾರೂಢ ಅವರು ಕನ್ನಡಕ ತೆಗೆದು ಒರೆಸಿದರು. "ಮುದ್ದೆಮಾಲು ಕಲಬೆರಕೆ ಆಗೇತಿ ಅಂತ ಆರೋಪಿನೇ ಎದ್ದು ನಿಂತು ಹೇಳಿದ್ದು ನಮ್ಮ ಡಿಪಾರ್ಟ್‌ಮೆಂಟಿನಾಗ ಆಗಿಲ್ರಿ. ಆಗೂದೂ ಇಲ್ಲ." ಮೆಹಬೂಬ್ ಸಾಬ್ ಚೀಟಿಯನ್ನು ಮಡಚಿ ಹರಿದ ಲಕೋಟೆಗೇ ವಾಪಸು ಹಾಕಿ, ಎರಡೂ ಕೈಯಲ್ಲಿ ಹಿಡಿದು ಶ್ರೀಕಂಠನಿಗೆ ಕೊಟ್ಟರು. ನಮ್ಮಲ್ಲಿ ಹಿರಿಯರು ಕಿರಿಯರಿಗೆ ಹಾಗೆ ಕೊಡುವುದಿಲ್ಲ. ಅವರು ಕೊಟ್ಟರು.

ನವೀನನಿಗೆ ಜಯ ಸಿಕ್ಕಂತೆಯೇ. ಆದರೂ ಅವನು ಮಾತು ಬೆಳೆಸಲಿಲ್ಲ. ಎರಡು ವಾರ ಕ್ಯಾಲಿಫೋರ್ನಿಯಾದ ಮೂಲೆಮೂಲೆಯ ಅಂಗಡಿಗಳಿಗೆ ಫೋನು ಮಾಡಿ, ಬರ್ಕ್ಲಿಯಲ್ಲೊಂದು ಹಳೆಯ ಗೋದಾಮಿನವರೆಗೂ ಹೋಗಿ, ಮತ್ತೊಮ್ಮೆ ಪರೀಕ್ಷೆ ಮಾಡಲೆಂದು ಇನ್ನೊಂದು ರಸ್ಟಿ ಲ್ಯಾಡರ್ ಬಾಟಲಿಗಾಗಿ ಹುಡುಕಿದ. ಸಿಗಲಿಲ್ಲ.

ಇತ್ತ, ಪರೀಕ್ಷೆಯಾದ ಮುಂದಿನ ಶನಿವಾರದೊಳಗೇ ಗರಾಜು ಖಾಲಿಯಾಗಬೇಕಿತ್ತು. ಶ್ರೀಕಂಠ ಒಂದೊಂದೇ ಸಾಮಾನು ಹೊರಗಿಡುತ್ತಿದ್ದ. ಕಾನೂನಿನ ಹಾಳೆಯನ್ನು ಗೋಡೆಯಿಂದ ಕೀಳಲು ಹೋದಾಗ ಜಲಜಾ ಅವರು ಬಂದರು. "ಅದು ಇರ್ಲಿ. ಆ ಮೂಲೇಲಿ ಒಂದು ಡಬ್ಬ ಇರ್ಲಿ. ಒಂದೇ. ಇಬ್ಬರು ದೊಡ್ಡೋರಲ್ಲಿ ನನ್ನ ಹೆಸರು ಬರ್ಕೊಳ್ಳಿ."

ಹಾಗಾಗಿ ಈಗ ಶನಿವಾರ ಬೆಳಿಗ್ಗೆ ಗರಾಜಿನಲ್ಲಿ ಹದಿನಾರು ಮಕ್ಕಳು ಹಾಡುತ್ತಾರೆ. ಬಿಟ್ಟುಹೋದ ಮೂವರೂ ಬಂದಿದ್ದಾರೆ, ಜೊತೆಗೆ ಇಬ್ಬರು ಹೊಸಬರು. ಮೂಲೆಯ ಡಬ್ಬದಿಂದ ಗಾಳಿ ಹೊರಬರುವ ಸಣ್ಣ ಕೊಳವೆ ಬುಳಕ್, ಬುಳಕ್ ಎನ್ನುತ್ತದೆ. ಅದು ತಾಳ ತಪ್ಪಿದಾಗೆಲ್ಲ ಜಲಜಾ ಅವರು ಹಾಡು ನಿಲ್ಲಿಸಿ ಮೂಲೆಯನ್ನು ದುರುಗುಟ್ಟಿ ನೋಡುತ್ತಾರೆ. ಮಕ್ಕಳು ನಗುತ್ತಾರೆ. ಎಂಟನೆಯ ಬ್ಯಾಚು ತೆರೆದಾಗ ಅವರೂ ಒಂದು ಗುಟುಕು ಕುಡಿದು, "ಕಷಾಯಕ್ಕಿಂತ ವಾಸಿ" ಎಂದರಂತೆ. ಶ್ರೀಕಂಠ ಅದನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ.

ಇಷ್ಟು ನನಗೆ ಗೊತ್ತಿರುವುದು. ಏಳನೆಯ ಬ್ಯಾಚು ನಿಜವಾಗಿಯೂ ಆ ಬಿಯರಿನಂತೆಯೇ ಇತ್ತೇ ಎಂಬುದು ಗೊತ್ತಿಲ್ಲ. ನವೀನನನ್ನು ಕೇಳಿದರೆ, ಇತ್ತು, ಭಾವ ಗೆದ್ದರು ಎನ್ನುತ್ತಾನೆ. ಶ್ರೀಕಂಠನನ್ನು ಕೇಳಿದರೆ, ಸಾಬೀತಾಗಿಲ್ಲ ಎನ್ನುತ್ತಾನೆ. ಹೋಲಿಸಿ ನೋಡಲು ಈಗ ಆ ಅಸಲಿ ಎಲ್ಲೂ ಇಲ್ಲ.